ಮನೆಯ ಮಡಕೆ, ಸರ್ಕಾರದ ಖಜಾನೆ: ಜಪಾನಿನಿಂದ ಮುಳಬಾಗಿಲಿನ ಈಚಲು ತೋಪಿನವರೆಗೆ

ಮನೆಯಲ್ಲೇ ಬಿಯರ್ ಮಾಡೋ ವಿಡಿಯೋಗಳು ನಿಮ್ಮ ಫೋನಿಗೂ ಬಂದಿರ್ತಾವೆ. ಒಂದು ದೊಡ್ಡ ಜಾಡಿ, ಮೊಳಕೆ ಬರಿಸಿದ ಧಾನ್ಯದ ಪಾಕ, ಒಂದು ಚಮಚ ಯೀಸ್ಟ್, ಮೇಲೆ ಗುಳುಗುಳು ಅಂತ ಗಾಳಿ ಬಿಡೋ ಒಂದು ಕೊಳವೆ. ಅಮೆರಿಕದಲ್ಲಿ ಇದು ದೊಡ್ಡ ಹವ್ಯಾಸ. ಅಲ್ಲೂ 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕೋ ತನಕ ಇದಕ್ಕೆ ಕಾನೂನಿನ ಒಪ್ಪಿಗೆ ಇರಲಿಲ್ಲ. ಜಪಾನಿನ ಕಥೆ ಇನ್ನೂ ಮಜಾ. ಅಲ್ಲಿ ಬಿಯರ್ ಕಿಟ್ ಅಂಗಡಿಯಲ್ಲಿ ಸಿಗುತ್ತೆ, ಆನ್‌ಲೈನ್‌ನಲ್ಲೂ ಸಿಗುತ್ತೆ, ಆದ್ರೆ ಆಲ್ಕೋಹಾಲ್ ಶೇ. 1 ಮುಟ್ಟಬಾರದು, ಅಷ್ಟು ನೀರು ಬೆರೆಸಿಕೊಳ್ಳಿ ಅಂತ ಸೂಚನೆ ಇರುತ್ತೆ. ಯಾಕಂದ್ರೆ ಶೇ. 1 ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ಅದು ಕಾನೂನಿನ ಪ್ರಕಾರ ಮದ್ಯ. ಮದ್ಯ ಮಾಡೋಕೆ ಲೈಸೆನ್ಸ್ ಬೇಕು. ಮನೆಯವರಿಗೆ ಲೈಸೆನ್ಸ್ ಕೊಡಲ್ಲ.

ಈ ನಿಯಮ ಬಂದಿದ್ದು ಜನರ ಆರೋಗ್ಯದ ಚಿಂತೆಯಿಂದ ಅಂದ್ಕೊಂಡ್ರೆ, ಅಲ್ಲ. ಜಪಾನಿನ ರೈತರ ಮನೆಗಳಲ್ಲಿ ಅಕ್ಕಿಯಿಂದ ದೊಬುರೊಕು ಅನ್ನೋ ಗಸಿಗಸಿ ಮದ್ಯ ಮಾಡ್ತಿದ್ರು. 1899ರಲ್ಲಿ ಸರ್ಕಾರ ಅದನ್ನ ಪೂರ್ತಿ ನಿಷೇಧಿಸಿತು. ಆಗ ಆ ದೇಶದ ತೆರಿಗೆ ಆದಾಯದಲ್ಲಿ ಸುಮಾರು ಮೂರನೇ ಒಂದು ಭಾಗ ಮದ್ಯದಿಂದಲೇ ಬರ್ತಿತ್ತು. ಸೈನ್ಯ ಕಟ್ಟಬೇಕಿತ್ತು, ದುಡ್ಡು ಬೇಕಿತ್ತು. ಮನೆಯಲ್ಲಿ ಮಾಡಿ ಕುಡಿಯೋನು ತೆರಿಗೆ ಕಟ್ಟಲ್ಲ, ಅಷ್ಟೇ ವಿಷಯ. ಮುಂದೆ ಮಾಎದಾ ತೊಶಿಹಿಕೊ ಅನ್ನೋರು ಬೇಕಂತಲೇ ದೊಬುರೊಕು ಮಾಡಿ, ನನ್ನ ಮನೆಯಲ್ಲಿ ನನಗೋಸ್ಕರ ಮಾಡಿಕೊಳ್ಳೋದು ನನ್ನ ಹಕ್ಕು ಅಂತ ಸುಪ್ರೀಂ ಕೋರ್ಟ್ ತನಕ ಹೋದ್ರು. 1989ರಲ್ಲಿ ಸೋತ್ರು. ಕೋರ್ಟು ತೆರಿಗೆ ಸಂಗ್ರಹದ ಕಡೆ ನಿಂತಿತು.

ಈಗ ನಮ್ಮ ಕಡೆ ಬರೋಣ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ. ಇಲ್ಲಿ ಹೋಂಬ್ರೂ ಅನ್ನೋ ಪದ ಇರಲಿಲ್ಲ, ವಸ್ತು ಇತ್ತು. ಅದನ್ನ ಮಾಡೋಕೆ ಜಾಡಿಯೂ ಬೇಕಿರಲಿಲ್ಲ, ಯೀಸ್ಟೂ ಬೇಕಿರಲಿಲ್ಲ, ಮರವೇ ಎಲ್ಲಾ ಕೊಡ್ತಿತ್ತು. ಕೆರೆ ಹಿಂದೆ, ಹಳ್ಳದ ದಂಡೆಯಲ್ಲಿ ತಾನಾಗೇ ಬೆಳೆಯೋ ಈಚಲು. ಇವತ್ತು ನಮಗೆ ಅದು ಪೊರಕೆ, ಚಾಪೆ ಅಷ್ಟೇ.

ಈಚಲಿನಿಂದ ಹೆಂಡ ಇಳಿಸೋದು ಹೇಗೆ ಅಂತ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ಇದನ್ನ ಗೊತ್ತಿರೋರು ಕಮ್ಮಿ ಆಗ್ತಿದ್ದಾರೆ. ಸುಳಿಯ ಕೆಳಗೆ ಒಂದು ಪಕ್ಕದ ಗರಿಗಳನ್ನ ಸವರಿ, ಮೃದುವಾದ ಕಾಂಡ ಕಾಣೋ ಹಾಗೆ ಕೆತ್ತುತ್ತಾರೆ. ಆ ಗಾಯದಿಂದ ರಸ ಜಿನುಗುತ್ತೆ. ಸಂಜೆ ಮಡಕೆ ಕಟ್ಟಿದ್ರೆ, ಬೆಳಕು ಹರಿಯೋ ಮುಂಚೆ ಇಳಿಸಬೇಕು. ಚಳಿಗಾಲದಲ್ಲಿ ರಸ ಚೆನ್ನಾಗಿ ಬರುತ್ತೆ. ಆಗಷ್ಟೇ ಇಳಿಸಿದ್ದು ಸಿಹಿ, ಅದು ನೀರಾ. ಆದ್ರೆ ಗಾಳಿಯಲ್ಲಿ, ಮಡಕೆಯ ಒಳಗೋಡೆಯಲ್ಲಿ ಇರೋ ಕಾಡು ಯೀಸ್ಟು ಕೂಡಲೇ ಕೆಲಸ ಶುರು ಮಾಡುತ್ತೆ. ಬಿಸಿಲೇರೋ ಹೊತ್ತಿಗೆ ನೊರೆ ಬಂದು ಹೆಂಡ ಆಗಿರುತ್ತೆ, ಹೆಚ್ಚುಕಮ್ಮಿ ಒಂದು ಬಿಯರಿನಷ್ಟು ಶಕ್ತಿ. ಮಾರನೇ ದಿನಕ್ಕೆ ಹುಳಿ, ಆಮೇಲೆ ವಿನೆಗರ್. ಹುದುಗಬಾರದು ಅಂದ್ರೆ ಮಡಕೆ ಒಳಗೆ ಸುಣ್ಣ ಬಳಿಯಬೇಕು. ಒಂದೇ ಮರ, ಒಂದೇ ಮಡಕೆ, ಸುಣ್ಣ ಇದ್ರೆ ಪಾನಕ, ಇಲ್ದಿದ್ರೆ ಹೆಂಡ. ಈಚಲು ಮರದ ಕೆಳಗೆ ಮಜ್ಜಿಗೆ ಕುಡಿದರೂ ಜನ ನಂಬಲ್ಲ ಅನ್ನೋ ಗಾದೆ ಸುಮ್ಮನೆ ಬಂದಿಲ್ಲ.

ಮರಕ್ಕೆ ವಿಶ್ರಾಂತಿ ಕೊಡಬೇಕು, ವರ್ಷ ಬಿಟ್ಟು ವರ್ಷ ಎದುರು ಪಕ್ಕದಲ್ಲಿ ಕೆತ್ತಬೇಕು. ಹಾಗಾಗಿ ಹಳೇ ಮರದ ಕಾಂಡ ಅಂಕುಡೊಂಕಾಗಿ, ಮೆಟ್ಟಿಲು ಕೊರೆದ ಹಾಗೆ ಕಾಣುತ್ತೆ. ಕಚ್ಚು ಎಣಿಸಿದ್ರೆ ಎಷ್ಟು ವರ್ಷ ಇಳಿಸಿದ್ದಾರೆ ಅಂತ ಲೆಕ್ಕ ಸಿಗುತ್ತೆ. ಈ ಕಸುಬು ಮಾಡ್ತಿದ್ದೋರು ಈಡಿಗರು. ಗಡಿ ಕಡೆ ತೆಲುಗಿನಲ್ಲಿ ಇದೇ ಹೆಂಡ ‘ಈತ ಕಲ್ಲು’. ಮುಳಬಾಗಿಲು, ಶ್ರೀನಿವಾಸಪುರದಲ್ಲಿ ಎರಡೂ ಮಾತು ನಡೆಯುತ್ತೆ.

ಇಲ್ಲಿ ಒಂದು ಅಡ್ಡಮಾತು. ಬಿಯರ್ ಮಾಡೋದ್ರಲ್ಲಿ ಕಷ್ಟದ ಕೆಲಸ ಮಾಲ್ಟಿಂಗ್. ಧಾನ್ಯ ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿಯೋದು. ಹಾಗೆ ಮಾಡಿದ್ರೆ ಪಿಷ್ಟ ಸಕ್ಕರೆ ಆಗೋಕೆ ದಾರಿ ಆಗುತ್ತೆ. ನಮ್ಮ ಅಜ್ಜಿಯಂದಿರು ಎಳೇ ಮಕ್ಕಳಿಗೆ ರಾಗಿಯನ್ನ ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ ಸರಿ ಹಿಟ್ಟು ಮಾಡ್ತಾರಲ್ಲ, ಅದು ಇದೇ ಕೆಲಸ. ಸಿಕ್ಕಿಮ್, ನೇಪಾಳದ ಕಡೆ ಇದೇ ರಾಗಿ ಹುದುಗಿಸಿ ಬಿದಿರಿನ ಲೋಟದಲ್ಲಿ ಬಿಸಿನೀರು ಹಾಕಿ ಹೀರ್ತಾರೆ, ತೋಂಗ್ಬಾ ಅಂತ. ನಾವು ಅಂಬಲಿಗೇ ನಿಂತ್ವಿ. ನನ್ನ ಊಹೆ ಕೇಳಿದ್ರೆ, ಬೆಳಗ್ಗೆ ಮರದಿಂದ ಬಿಟ್ಟಿ ಇಳಿಯೋದು ಇರುವಾಗ ರಾಗಿಗೆ ಯಾರು ಅಷ್ಟು ಕಷ್ಟಪಡ್ತಾರೆ!

ಈ ಮಡಕೆ ಮೇಲೆ ಸರ್ಕಾರದ ಕಣ್ಣು ಬಿದ್ದಿದ್ದು ಹೊಸದಲ್ಲ. ಟಿಪ್ಪು ಸುಲ್ತಾನ ಆದಾಯ ಹೋದ್ರೂ ಪರವಾಗಿಲ್ಲ ಅಂತ ಮದ್ಯ ನಿಲ್ಲಿಸೋಕೆ ಹೊರಟಿದ್ದ. ಅವನ ನಂತರದವರು ಉಲ್ಟಾ. ಮೈಸೂರು ಸಂಸ್ಥಾನದಲ್ಲಿ ಅಬಕಾರಿ ದೊಡ್ಡ ಆದಾಯ ಆಯ್ತು, 1901ರಲ್ಲಿ ಅದಕ್ಕೊಂದು ಪೂರ್ತಿ ಕಾಯ್ದೆಯೂ ಬಂತು. ಮರಕ್ಕೆ ತೆರಿಗೆ, ಅಂಗಡಿಗೆ ಹರಾಜು. ಹರಾಜಿನಲ್ಲಿ ಕೂಗೋಕೆ ದುಡ್ಡು ಬೇಕು. ಮರ ಹತ್ತೋನ ಹತ್ರ ದುಡ್ಡಿಲ್ಲ. ಹಾಗಾಗಿ ನಡುವೆ ಗುತ್ತಿಗೆದಾರ ಬಂದ. ಮರ ಹತ್ತೋನು ಕೂಲಿ ಆದ. ಇಡೀ ಕಥೆಯಲ್ಲಿ ನನಗೆ ದೊಡ್ಡ ತಿರುವು ಅನ್ಸೋದು ಇದೇ. ನಿಷೇಧಕ್ಕಿಂತ ಮುಂಚೆಯೇ ಹೆಂಡ ಊರವರ ಕೈಯಿಂದ ಹೋಗಿತ್ತು.

ಅದೇ ಕಾಲಕ್ಕೆ ಪಕ್ಕದಲ್ಲಿ ಬೇರೆ ಲೋಕ. 1880ರಿಂದ ಜಾನ್ ಟೇಲರ್ ಕಂಪನಿ ಕೆಜಿಎಫ್‌ನಲ್ಲಿ ಚಿನ್ನ ತೆಗೆಯೋಕೆ ಶುರು ಮಾಡ್ತು. ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಗಣಿ ಕೆಲಸ ಗೊತ್ತಿದ್ದೋರು ಬಂದ್ರು, ತಮಿಳು ಸೀಮೆಯಿಂದ ಸಾವಿರಾರು ಕೂಲಿಗಳು ಬಂದ್ರು. ದೊರೆಗಳಿಗೆ ಕ್ಲಬ್ಬು, ಬಿಯರು. ಬೆಂಗಳೂರು ದಂಡು ಪ್ರದೇಶದಲ್ಲಿ ಸೈನಿಕರಿಗಾಗಿ ಬಿಯರ್ ಕಾರ್ಖಾನೆ ಆಗಲೇ ಇತ್ತು. 1915ರಲ್ಲಿ ಥಾಮಸ್ ಲೀಶ್‌ಮನ್ ದಕ್ಷಿಣದ ಐದು ಬ್ರೂವರಿಗಳನ್ನ ಸೇರಿಸಿ ಯುನೈಟೆಡ್ ಬ್ರೂವರೀಸ್ ಮಾಡಿದ. 1940ರ ದಶಕದ ಕೊನೆಗೆ ಅದು ವಿಠ್ಠಲ್ ಮಲ್ಯ ಕೈಗೆ ಬಂತು. ಕೆಳಗೆ, ಕೊನೆಕೊನೆಗೆ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋದ ಗಣಿಯ ಬಿಸಿಯಿಂದ ಮೇಲೆ ಬರ್ತಿದ್ದೋನಿಗೆ ಹೆಂಡ, ಸಾರಾಯಿ.

1937ಕ್ಕೆ ಬನ್ನಿ. ಮದ್ರಾಸ್ ಪ್ರಾಂತ್ಯದಲ್ಲಿ ರಾಜಾಜಿ ಪ್ರಧಾನಿ. ಅಕ್ಟೋಬರ್ 1ರಂದು ತಮ್ಮ ಸ್ವಂತ ಜಿಲ್ಲೆ ಸೇಲಂನಲ್ಲಿ ಪಾನನಿಷೇಧ ತಂದ್ರು. 1938ರಲ್ಲಿ ಅದು ಚಿತ್ತೂರು ಜಿಲ್ಲೆಗೂ ಬಂತು. ಮ್ಯಾಪ್ ತೆಗೆದು ನೋಡಿ. ಮುಳಬಾಗಿಲು, ಶ್ರೀನಿವಾಸಪುರ ದಾಟಿದ್ರೆ ಚಿತ್ತೂರು ಸೀಮೆ. ಆ ಕಡೆ ಬಂದ್, ಈ ಕಡೆ ಸಂಸ್ಥಾನದ ಅಂಗಡಿ ತೆರೆದಿದೆ. ಗಡಿಯ ಆಟ ಅಲ್ಲಿಂದಲೇ ಶುರು. 1995ರಲ್ಲಿ ಎನ್.ಟಿ. ರಾಮರಾವ್ ಆಂಧ್ರದಲ್ಲಿ ಮತ್ತೆ ನಿಷೇಧ ತಂದಾಗಲೂ, 1997ರಲ್ಲಿ ಚಂದ್ರಬಾಬು ನಾಯ್ಡು ಅದನ್ನ ತೆಗೆಯೋ ತನಕ, ಗಡಿ ಊರುಗಳು ಇದೇ ಆಟ ನೋಡಿದ್ವು.

ಅಬಕಾರಿ ಆದಾಯ ಹೋದ ಮೇಲೆ ರಾಜಾಜಿ ಖಜಾನೆ ತುಂಬಿಸಿದ್ದು ಹೇಗೆ? 1939ರಲ್ಲಿ ಸಾಮಾನ್ಯ ಮಾರಾಟ ತೆರಿಗೆ ತಂದ್ರು. ಅಂಥದ್ದು ಈ ದೇಶಕ್ಕೇ ಹೊಸದು. ನಾನು ಬಿ.ಕಾಂ.ನಲ್ಲಿ ಸೇಲ್ಸ್ ಟ್ಯಾಕ್ಸ್ ಪುಟಗಟ್ಟಲೆ ಓದಿದೀನಿ, ಅದು ಹೆಂಡದ ಅಂಗಡಿ ಮುಚ್ಚಿದ್ದರಿಂದ ಹುಟ್ಟಿದ್ದು ಅಂತ ಯಾರೂ ಹೇಳಿರಲಿಲ್ಲ. ಇನ್ನೊಂದು ತಮಾಷೆ ಅಂದ್ರೆ, ಮುಂದೆ ನಿಷೇಧ ಹೋದ ಕಡೆಗಳಲ್ಲಿ ಮದ್ಯದ ಆದಾಯ ವಾಪಸ್ ಬಂತು, ಆದ್ರೆ ಮಾರಾಟ ತೆರಿಗೆ ಹೋಗಲಿಲ್ಲ. 2017ರಲ್ಲಿ ಜಿಎಸ್‌ಟಿ ಬಂದಾಗ ಅದರಿಂದ ಹೊರಗೆ ಉಳಿದಿದ್ದು ಯಾವುದು? ಕುಡಿಯೋ ಮದ್ಯ. ರಾಜ್ಯಗಳು ಅದನ್ನ ಬಿಟ್ಟುಕೊಡಲಿಲ್ಲ.

1939ರಲ್ಲೇ ನಮ್ಮ ಸಂಸ್ಥಾನದಲ್ಲಿ, ಚಿತ್ರದುರ್ಗದ ತುರುವನೂರಿನಲ್ಲಿ, ಜನ ಕೊಡಲಿ ಹಿಡಿದು ಈಚಲು ಮರಗಳನ್ನ ಕಡಿದ್ರು. ಗಾಂಧೀಜಿ ದಾರಿಯ ಅರಣ್ಯ ಸತ್ಯಾಗ್ರಹ ಅದು. ಮರ ಕಡಿದ್ರೆ ಕುಡಿತವೂ ನಿಲ್ಲುತ್ತೆ, ಸರ್ಕಾರದ ಆದಾಯವೂ ನಿಲ್ಲುತ್ತೆ ಅನ್ನೋ ಲೆಕ್ಕ. ಆ ಹೋರಾಟದಲ್ಲಿ ಜೈಲಿಗೆ ಹೋದೋರಲ್ಲಿ ಎಸ್. ನಿಜಲಿಂಗಪ್ಪ ಒಬ್ಬರು. ಸ್ವಾತಂತ್ರ್ಯದ ಮೇಲೆ 1948ರಿಂದ ಮೈಸೂರಿನಲ್ಲಿ ಹಂತಹಂತವಾಗಿ ಪಾನನಿಷೇಧ ಬಂತು. ಕಳ್ಳಭಟ್ಟಿ ಹೆಚ್ಚಾಯ್ತು, ಬೊಕ್ಕಸ ಒಣಗಿತು. 1967ರಲ್ಲಿ ನಿಷೇಧ ತೆಗೆದು, 1965ರ ಅಬಕಾರಿ ಕಾಯ್ದೆ ಜಾರಿ ಮಾಡಿದ್ರು. ಆಗ ಮುಖ್ಯಮಂತ್ರಿ ಯಾರು ಅಂತೀರಾ? ಅದೇ ನಿಜಲಿಂಗಪ್ಪ. ನಾನು ಇದನ್ನ ಮೋಸ ಅಂತ ಹೇಳಲ್ಲ. ಕುರ್ಚಿಯಲ್ಲಿ ಕೂತ ಮೇಲೆ ಸಂಬಳ ಕೊಡಬೇಕು, ರಸ್ತೆ ಹಾಕಬೇಕು.

ಆಮೇಲಿನ ಕಾಲ ಸಾರಾಯಿ ಗುತ್ತಿಗೆದಾರರದ್ದು. ಮರದ ಹೆಂಡದ ಜಾಗಕ್ಕೆ ಕಬ್ಬಿನ ಕಾಕಂಬಿಯಿಂದ ತೆಗೆದ ಸಾರಾಯಿ ಬಂತು, ಕೊನೆಗೆ ಪ್ಲಾಸ್ಟಿಕ್ ಪ್ಯಾಕೆಟ್ಟಿನಲ್ಲಿ. ದುಡಿದ ಕೂಲಿ ಸಂಜೆಗೆ ಅಂಗಡಿಗೆ. ಹೊಡೆತ ಬಿದ್ದಿದ್ದು ದಲಿತ ಕೇರಿಗಳಿಗೆ, ಅದರಲ್ಲೂ ಹೆಂಗಸರಿಗೆ. 80ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ‘ಹೆಂಡ ಬೇಡ, ವಸತಿ ಶಾಲೆ ಬೇಕು’ ಅಂತ ಕೂಗಿದ್ದು ಇದಕ್ಕೇ. ಕೋಲಾರ ಆ ಚಳವಳಿಯ ಗಟ್ಟಿ ನೆಲ. ಕ್ರಾಫ್ಟ್ ಬಿಯರ್ ಬಗ್ಗೆ ಖುಷಿಯಿಂದ ಮಾತಾಡೋ ನಾವು ಈ ಘೋಷಣೆಯನ್ನ ಪಕ್ಕಕ್ಕಿಟ್ಟು ಹೆಂಡದ ಇತಿಹಾಸ ಹೇಳಿದ್ರೆ ಅದು ಅರ್ಧ ಕಥೆ.

ಸಾವಿನ ಲೆಕ್ಕವೂ ಇದೆ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಕಾರಣ ಮಿಥೈಲ್ ಆಲ್ಕೋಹಾಲ್, ಅಂದ್ರೆ ಕಾರ್ಖಾನೆಗೆ ಬಳಸೋ ಸ್ಪಿರಿಟ್. ಒಂದು ವಿಷಯ ಸ್ಪಷ್ಟ ಇರಲಿ. ಮರದಿಂದ ಇಳಿದ ಹೆಂಡ ಕುಡಿದು ಹೀಗೆ ಸಾಲುಸಾಲು ಹೆಣ ಬೀಳಲ್ಲ. ಕೊಲ್ಲೋದು ಬೆರಕೆ. ಆದ್ರೆ ಬೆರಕೆ ಹೆಂಡಕ್ಕೂ ಬಂತು. ಮರ ಕಮ್ಮಿ, ಗಿರಾಕಿ ಜಾಸ್ತಿ ಆದಾಗ ನೀರಿಗೆ ಕ್ಲೋರಲ್ ಹೈಡ್ರೇಟ್ ಪುಡಿ ಹಾಕಿ ಸೇಂದಿ ಅಂತ ಮಾರಿದ್ರು. 2004ರ ಹೊತ್ತಿಗೆ ಕರಾವಳಿ ಬಿಟ್ಟು ರಾಜ್ಯದ ಹೆಚ್ಚಿನ ಕಡೆ ಸೇಂದಿ ಬಂದ್ ಆಯ್ತು. ಪುಡಿ ಬೆರೆಸಿದೋನ ಜೊತೆ ಮರ ಹತ್ತೋನ ಕಸುಬೂ ಹೋಯ್ತು.

2007ರ ಜುಲೈ 1ರಿಂದ ಎಚ್.ಡಿ. ಕುಮಾರಸ್ವಾಮಿ ಸರ್ಕಾರ ಸಾರಾಯಿಯನ್ನೂ ನಿಲ್ಲಿಸಿತು. ಹತ್ತು ತಿಂಗಳು ಕಳೆದು, 2008ರ ಮೇ ತಿಂಗಳಲ್ಲಿ, ಬೆಂಗಳೂರು ಸುತ್ತಮುತ್ತ, ಕೋಲಾರ ಜಿಲ್ಲೆ, ಗಡಿಯಾಚೆ ಕೃಷ್ಣಗಿರಿ ಸೇರಿ 150ಕ್ಕೂ ಹೆಚ್ಚು ಜನ ಕಳ್ಳಭಟ್ಟಿಗೆ ಬಲಿಯಾದ್ರು. ಮತ್ತೆ ಮಿಥೈಲ್ ಆಲ್ಕೋಹಾಲ್. ಸತ್ತವರಲ್ಲಿ ಹೆಚ್ಚಿನವರು ಕೂಲಿ ಮಾಡೋರು. ಹಾಗಂತ ಸಾರಾಯಿ ನಿಷೇಧವೇ ತಪ್ಪು ಅಂತ ನಾನು ಹೇಳಲಾರೆ. ಅದನ್ನ ಬೇಡಿದ ಹೆಂಗಸರಿಗೆ ಅದರ ಬೆಲೆ ಗೊತ್ತಿತ್ತು. ಆದ್ರೆ ಅಗ್ಗದ ಪ್ಯಾಕೆಟ್ ಹೋದ ಜಾಗ ಖಾಲಿ ಇರಲಿಲ್ಲ. ಒಂದು ಕಡೆ ಕಳ್ಳಭಟ್ಟಿ ತುಂಬ್ತು, ಇನ್ನೊಂದು ಕಡೆ ಕಡಿಮೆ ದರದ ವಿಸ್ಕಿ, ಟೆಟ್ರಾ ಪ್ಯಾಕ್. ಇವತ್ತು ರಾಜ್ಯದ ಅಬಕಾರಿ ಆದಾಯ ವರ್ಷಕ್ಕೆ 30 ಸಾವಿರ ಕೋಟಿ ರೂಪಾಯಿ ದಾಟಿದೆ.

ಜಪಾನ್ 1994ರಲ್ಲಿ ಬಿಯರ್ ಲೈಸೆನ್ಸಿಗೆ ಬೇಕಾದ ಕನಿಷ್ಠ ಉತ್ಪಾದನೆಯನ್ನ ವರ್ಷಕ್ಕೆ 20 ಲಕ್ಷ ಲೀಟರಿನಿಂದ 60 ಸಾವಿರಕ್ಕೆ ಇಳಿಸಿತು, ಊರೂರಲ್ಲಿ ಸಣ್ಣ ಬ್ರೂವರಿ ಹುಟ್ಟಿದ್ವು. 2003ರ ಸುಮಾರಿಗೆ ಕೆಲವು ಹಳ್ಳಿ ಪ್ರದೇಶಗಳಲ್ಲಿ, ಅತಿಥಿಗೃಹ ನಡೆಸೋ ರೈತರಿಗೆ ತಮ್ಮದೇ ಅಕ್ಕಿಯಿಂದ ದೊಬುರೊಕು ಮಾಡೋಕೆ ವಿಶೇಷ ಅವಕಾಶ ಕೊಟ್ಟರು. ನೂರು ವರ್ಷದ ಮೇಲೆ ಸ್ವಲ್ಪ ವಾಪಸ್. ನಮ್ಮಲ್ಲಿ 2010ರ ಆಚೆಈಚೆ ಬೆಂಗಳೂರಿನಲ್ಲಿ ಮೈಕ್ರೋಬ್ರೂವರಿಗಳು ಬಂದ್ವು. ಒಳ್ಳೇದೇ. ಆದ್ರೆ ಆ ಬಾಗಿಲು ತೆರೆದಿದ್ದು ಬಂಡವಾಳ ಇದ್ದೋರಿಗೆ, ಮಾಲೂರಿನಿಂದ ಒಂದೂವರೆ ಗಂಟೆ ದೂರದಲ್ಲಿ. ಈಚಲು ಇಳಿಸೋನಿಗೆ ಅಂಥ ಬಾಗಿಲು ಇನ್ನೂ ಇಲ್ಲ. ಕಿಟ್ ತರಿಸಿ ಮನೆಯಲ್ಲಿ ಬಿಯರ್ ಮಾಡಬಹುದಾ ಅಂದ್ರೆ, ಲೈಸೆನ್ಸ್ ಇಲ್ಲದೆ ಮದ್ಯ ಮಾಡೋದು ಇಲ್ಲಿ ಅಪರಾಧ. ಹವ್ಯಾಸ ಅಂತ ಹೇಳಿದ್ರೂ ಅಬಕಾರಿಯವರು ಕೇಳಲ್ಲ.

ಶ್ರೀನಿವಾಸಪುರ, ಮುಳಬಾಗಿಲು ಕಡೆ ಹಳ್ಳದ ಪಕ್ಕ ನೀಲಗಿರಿ ತೋಪುಗಳ ನಡುವೆ ಕಚ್ಚು ಬಿದ್ದ ಹಳೇ ಈಚಲು ಮರ ಕಂಡ್ರೆ ಒಂದು ಫೋಟೋ ಕಳಿಸಿ. ನಿಮ್ಮ ತಾತನೋ, ಅವರ ಜೊತೆಯವರೋ ಮರ ಹತ್ತುತ್ತಿದ್ದೋರು ಇದ್ರೆ, ಐದು ನಿಮಿಷದ ವಾಯ್ಸ್ ಮೆಸೇಜ್ ರೆಕಾರ್ಡ್ ಮಾಡಿ ಕಳಿಸಿ. ಯಾವ ಕತ್ತಿ, ಎಷ್ಟು ಆಳ, ಮರಕ್ಕೆ ಎಷ್ಟು ದಿನ ರಜೆ, ಇಷ್ಟು ಕೇಳಿ ಸಾಕು. ಬಂದದ್ದನ್ನ ಮುಂದಿನ ಎಪಿಸೋಡಿನಲ್ಲಿ ಹಾಕ್ತೀವಿ.