ಉಚಿತ ವೈಫೈ: ಹಣವಿಲ್ಲದಿದ್ದರೂ ಬೆಲೆಯಿದೆ

ರೈಲು ನಿಲ್ದಾಣಗಳ ಉಚಿತ ವೈಫೈ ನಮಗೆಲ್ಲ ಪರಿಚಿತ. ರೈಲ್‌ಟೆಲ್ ಮತ್ತು ಗೂಗಲ್ 2016ರ ಜನವರಿಯಲ್ಲಿ ಮುಂಬೈ ಸೆಂಟ್ರಲ್‌ನಲ್ಲಿ ಇದನ್ನು ಆರಂಭಿಸಿದವು. 2020ರಲ್ಲಿ ಗೂಗಲ್ ಹಿಂದೆ ಸರಿಯಲು ನಿರ್ಧರಿಸಿತು. 2021ರಲ್ಲಿ ರೈಲ್‌ಟೆಲ್ ಮೊದಲ 30 ನಿಮಿಷಗಳನ್ನು ಉಚಿತವಾಗಿಯೇ ಇಟ್ಟು, ಹೆಚ್ಚಿನ ವೇಗಕ್ಕೆ ಶುಲ್ಕದ ಯೋಜನೆ ತಂದಿತು.

ವೈಫೈಗೆ ಮೊಬೈಲ್ ಸಂಖ್ಯೆ, ಒಟಿಪಿ ಏಕೆ? 2008ರ ಅಹಮದಾಬಾದ್ ಸ್ಫೋಟಗಳ ವೇಳೆ ಉಗ್ರರ ಇಮೇಲ್ ನವಿ ಮುಂಬೈಯ ಮನೆಯೊಂದರ ಭದ್ರತೆಯಿಲ್ಲದ ವೈಫೈ ಮೂಲಕ ಹೋಗಿತ್ತು. ವಿಚಾರಣೆ ಎದುರಿಸಬೇಕಾದದ್ದು ಆ ಮನೆಯವರು. 2009ರಲ್ಲಿ ದೂರಸಂಪರ್ಕ ಇಲಾಖೆ ಬಳಕೆದಾರರ ಗುರುತು ದಾಖಲಿಸಲು ಸೂಚಿಸಿತು. ಆದುದರಿಂದ ನೆರೆಯವರ ವೈಫೈಯನ್ನು ಕೇಳದೆ ಬಳಸುವುದು ಸಣ್ಣ ತಪ್ಪಲ್ಲ. ಅದರ ಹೊಣೆ ಅವರ ತಲೆಗೆ ಬರಬಹುದು. ನಮ್ಮ ಕಚೇರಿ, ಸಭಾಭವನಗಳ ವೈಫೈಗೂ ಪಾಸ್‌ವರ್ಡ್ ಇರಲಿ.

ಕೆಲವು ಅಂಗಡಿ, ಹೋಟೆಲುಗಳು ವೈಫೈ ಕೊಡುವಾಗ ಇಮೇಲ್, ಹುಟ್ಟಿದ ದಿನಾಂಕವನ್ನೂ ಕೇಳುತ್ತವೆ. ಇವು ಜಾಹೀರಾತಿಗೆ ಬಳಕೆಯಾಗಬಹುದು. ಅಗತ್ಯವಿಲ್ಲದ್ದನ್ನು ಕೊಡದಿರೋಣ.

ನಿಲ್ದಾಣದ ಹೆಸರಿನಲ್ಲೇ ವಂಚಕರೂ ವೈಫೈ ತೆರೆಯಬಲ್ಲರು. ಈಗ ಹೆಚ್ಚಿನ ಜಾಲತಾಣಗಳು ಮಾಹಿತಿಯನ್ನು ಗೂಢಲಿಪಿಯಲ್ಲಿ ಕಳುಹಿಸುತ್ತವೆ. ಆದರೆ ನಕಲಿ ಪುಟದಲ್ಲಿ ನಾವೇ ಪಾಸ್‌ವರ್ಡ್ ಬರೆದರೆ ಆ ರಕ್ಷಣೆ ವ್ಯರ್ಥ. ಬ್ಯಾಂಕ್ ವ್ಯವಹಾರಕ್ಕೆ ನಮ್ಮದೇ ಮೊಬೈಲ್ ಡೇಟಾ ಬಳಸೋಣ. ಹಣ ಕಳೆದುಕೊಂಡರೆ ತಡಮಾಡದೆ 1930ಕ್ಕೆ ಕರೆಮಾಡಿ ದೂರು ನೀಡೋಣ.