ಪೆಟ್ಟಿಗೆ ಮುಂದೆ ಯಾರು ಕೂರಬೇಕು

ನಮ್ಮ ಚೇಳೂರು ಸೀಮೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಆಡುವ ಮಾತು ಬಂದರೆ, ಜಗಳ ಪಾರ್ಟು ಹಂಚುವಾಗ ಹುಟ್ಟುತ್ತದೆ ಅಂತ ಹೊರಗಿನವರು ತಿಳಿದಿರುತ್ತಾರೆ. ದುರ್ಯೋಧನ ಯಾರಿಗೆ, ಒಂದನೇ ಕೃಷ್ಣ ಯಾರಿಗೆ, ಎರಡನೇ ಕೃಷ್ಣ ಯಾರಿಗೆ ಅನ್ನುವುದೆಲ್ಲ ಹೇಗೋ ಬಗೆಹರಿಯುತ್ತದೆ. ದುಡ್ಡಿದ್ದವನು, ಗಂಟಲಿದ್ದವನು, ಹಟವಿದ್ದವನು ತಂತಮ್ಮ ಪಾಲು ತೆಗೆದುಕೊಳ್ಳುತ್ತಾರೆ. ಊರು ಎರಡು ಹೋಳಾಗುವುದು ಅದಕ್ಕೂ ಮುಂಚೆ, ಪಾರ್ಟು ಕಲಿಸಿ, ಹಾರ್ಮೋನಿಯಂ ಪೆಟ್ಟಿಗೆ ಮುಂದೆ ಕೂತು ನಾಟಕ ನಡೆಸುವ ಡ್ರಾಮಾ ಮೇಷ್ಟ್ರು ಯಾರು ಅನ್ನುವ ಪ್ರಶ್ನೆಗೆ. ವಯಸ್ಸಾದ ಮೇಷ್ಟ್ರ ಹೆಸರು ಬಂತೆಂದರೆ ಆ ರಾತ್ರಿ ಕೂಟ ಬೇಗ ಮುಗಿಯುವುದಿಲ್ಲ. ನಾನು ಅಡಿಕೆ ತೋಟದವನು. ನಮ್ಮ ತಂಡದ ಲೆಕ್ಕ ಬರೆಯುವುದು, ಮೇಷ್ಟ್ರ ಮನೆಗೆ ವೀಳ್ಯ ಒಯ್ಯುವುದು ಎರಡೂ ಬಹಳ ಕಾಲದಿಂದ ನನ್ನ ಪಾಲಿನ ಕೆಲಸ. ಕರ್ಣನ ಪಾರ್ಟನ್ನೂ ಮಾಡಿದ್ದೇನೆ. ಹಾಗಾಗಿ ಈ ಜಗಳವನ್ನು ಹತ್ತಿರದಿಂದ ಕಂಡಿದ್ದೇನೆ.

ಈ ಸಲದ ಕೂಟ ರಾಗಿ ಒಕ್ಕಣೆ ಮುಗಿದ ಮೇಲೆ ದೇವಸ್ಥಾನದ ಜಗುಲಿಯಲ್ಲಿ ಸೇರಿತು. ಹಳೇ ಮೇಷ್ಟ್ರ ಹೆಸರು ಎತ್ತಿದ್ದೇ ತಡ, ಅಭಿಮನ್ಯು ಪಾರ್ಟಿನ ಮೇಲೆ ಕಣ್ಣಿಟ್ಟಿದ್ದ ಹುಡುಗ ಎದ್ದು ನಿಂತ.

"ಅಲ್ಲ ಕಣಣ್ಣ, ಅವ್ರಿಗೆ ಎಪ್ಪತ್ತು ದಾಟೈತೆ. ರಾತ್ರಿ ಒಂಬತ್ತಕ್ಕೆ ಕೂತ್ರೆ ಬೆಳಗಾಗೋವರ್ಗೂ ಪೆಟ್ಟಿಗೆ ತುಳೀಬೇಕು. ಆಯ್ತದಾ?"

"ತುಳಿಯೋದು ಅವ್ರಿಗೆ ಬಿಡ್ಲಾ. ನೀನು ಮೂರು ವೃತ್ತ ಉಸಿರು ಕಟ್ಟದಂಗೆ ಹೇಳ್ತೀಯಾ, ಅದು ಹೇಳು," ಅಂದರು ಗೋಡೆಗೆ ಒರಗಿ ಕೂತಿದ್ದ ನಮ್ಮ ಹಳೇ ಶಕುನಿ.

ಹುಡುಗರ ಕಡೆ ಮಾತು ಬರಿದೇ ಉಡಾಫೆ ಆಗಿರಲಿಲ್ಲ. ಮೇಷ್ಟ್ರ ಕಣ್ಣು ಮಂಜಾಗಿದೆ, ಪುಸ್ತಕ ನೋಡಿಕೊಂಡು ಮಾತು ಎತ್ತಿಕೊಡುವುದು ಹೇಗೆ ಅಂದರು. ಪಕ್ಕದೂರಿನವರು ಕೀಬೋರ್ಡು ಬಾರಿಸುವ ಮೇಷ್ಟ್ರನ್ನು ಕರೆಸಿದ್ದರು, ಜನ ಬೆಳಗಿನವರೆಗೂ ಕದಲಲಿಲ್ಲ ಅಂದರು. ಹಿರಿಯರು ಒಂದೇ ಮಾತು ಹಿಡಿದರು: ಕುರುಕ್ಷೇತ್ರ ಪೂರಾ ಅವರ ನಾಲಗೆ ಮೇಲಿದೆ, ಪುಸ್ತಕ ಯಾಕೆ ಬೇಕು? ಮೇಷ್ಟ್ರಿಗೆ ಊಟ ಹಾಕಬೇಕಾದ ಮನೆಗಳ ಹೆಂಗಸರೂ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಹಳೇ ಮೇಷ್ಟ್ರಾದರೆ ಮುದ್ದೆ, ಉಪ್ಸಾರು ಇದ್ದರೆ ಸಾಕು ಅನ್ನುತ್ತಾರೆ ಎಂದು ಒಬ್ಬರು ನೆನಪಿಸಿದರು. ಆ ಮಾತಿಗೂ ತೂಕವಿತ್ತು.

ಮುದುಕ ಬೇಕೋ ಹರೆಯದವನು ಬೇಕೋ ಅನ್ನುವ ಈ ವಾದ ನಮ್ಮ ಕಡೆ ಯಾಕೆ ಇಷ್ಟು ಗಟ್ಟಿ ಅಂದರೆ, ಇಲ್ಲಿಯ ನಾಟಕದ ಬೇರು ಎರಡು ಕಡೆಯಿಂದ ಬಂದದ್ದು. ಒಂದು ಮೂಡಲಪಾಯ. ತುಮಕೂರು, ತಿಪಟೂರು, ನಾಗಮಂಗಲ ಕಡೆಯ ಈ ಬಯಲಾಟದಲ್ಲಿ ಕಲಿಸುವವರು ಭಾಗವತರು. ಜೀ.ಶಂ. ಪರಮಶಿವಯ್ಯನವರಂಥ ಜಾನಪದ ವಿದ್ವಾಂಸರು ಈ ಆಟದ ಹಿಂದೆ ಬಿದ್ದು ಊರೂರು ಸುತ್ತಿದಾಗ ಕಂಡದ್ದೂ ಭಾಗವತರ ನೆನಪಿನಲ್ಲಿ ಉಳಿದಿದ್ದ ಪ್ರಸಂಗಗಳನ್ನೇ. ಅಲ್ಲಿ ಭಾಗವತರಿಗೆ ವಯಸ್ಸಾದಷ್ಟೂ ಬೆಲೆ. ಯಾಕೆಂದರೆ ಪದ, ಕುಣಿತ, ಮಾತಿನ ಜಾಡು ಎಲ್ಲ ಅವರ ತಲೆಯಲ್ಲೇ ಇರುತ್ತಿತ್ತು.

ಇನ್ನೊಂದು ಬೇರು ನಮ್ಮ ತಾಲ್ಲೂಕು ಕೇಂದ್ರ ಗುಬ್ಬಿಯದ್ದೇ. 1884ರಲ್ಲಿ ಚಂದಣ್ಣ, ಅಬ್ದುಲ್ ಅಜೀಜ್ ಸಾಹೇಬರು ಮೊದಲಾದವರು ಸೇರಿ ಕಟ್ಟಿದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ. ಹುಡುಗನಾಗಿ ಆ ಕಂಪನಿ ಸೇರಿದ ವೀರಣ್ಣ 1917ರಲ್ಲಿ ಅದರ ಯಜಮಾನರಾದರು. ಆಗ ಅವರಿಗೆ ಮೂವತ್ತೂ ತುಂಬಿರಲಿಲ್ಲ. ಹುಡುಗರ ಕೈಗೆ ಕೊಟ್ಟರೆ ಕೆಡುತ್ತದೆ ಅನ್ನುವ ಹಿರಿಯರಿಗೆ ನಾನು ಈ ಸಂಗತಿ ಹೇಳದೆ ಬಿಡುವುದಿಲ್ಲ. ಆ ಹರೆಯದ ಯಜಮಾನನ ಕೈಯಲ್ಲಿ ಕಂಪನಿ ಬೆಳೆದ ರೀತಿ ಕನ್ನಡ ನಾಡಿಗೆಲ್ಲ ಗೊತ್ತು. 1934ರ ಹೊತ್ತಿಗೆ ಅವರು ಆನೆ, ಕುದುರೆ, ರಥಗಳನ್ನೇ ರಂಗಕ್ಕೆ ತಂದು ಕುರುಕ್ಷೇತ್ರ ಆಡಿಸಿದರು. ನಮ್ಮ ಹಳ್ಳಿಗಳಲ್ಲಿ ಇವತ್ತು ಬಾಡಿಗೆ ಸೀನರಿಯಲ್ಲಿ ತೋರಿಸುವ ರಥದ ಚಿತ್ರಕ್ಕೆ ಆ ವೈಭವದ ನೆನಪೇ ಮೂಲ ಅಂತ ನನ್ನ ನಂಬಿಕೆ.

ಅದೇ 1934ರ ಮಾರ್ಚಿನಲ್ಲಿ ಸತಿ ಸುಲೋಚನಾ ತೆರೆಗೆ ಬಂತು, ಕನ್ನಡದ ಮೊದಲ ಮಾತಿನ ಚಿತ್ರ. ಆಮೇಲಿನ ದಶಕಗಳಲ್ಲಿ ಟೂರಿಂಗ್ ಟಾಕೀಸಿನ ಡೇರೆಗಳು ಹಳ್ಳಿಗಳಿಗೂ ಬಂದವು, ನಾಟಕ ಕಂಪನಿಗಳು ಒಂದೊಂದಾಗಿ ಸೊರಗಿದವು. ಗುಬ್ಬಿ ಕಂಪನಿ ಬಹುಕಾಲ ತಾಳಿಕೊಂಡಿತು. ಎಲ್ಲರಿಗೂ ಆ ಶಕ್ತಿ ಇರಲಿಲ್ಲ. ಕಂಪನಿ ಬಿಟ್ಟ ನಟರು, ಪೆಟ್ಟಿಗೆ ನುಡಿಸುವವರು ಏನು ಮಾಡಬೇಕು? ಕಲಿತ ವಿದ್ಯೆಯನ್ನೇ ಹಿಡಿದು ಹಳ್ಳಿಗಳಿಗೆ ಬಂದರು. ಬೇಸಾಯ ಮಾಡುವವರಿಗೆ, ಗಾಣ ಆಡಿಸುವವರಿಗೆ, ಶಾಲೆ ಮೇಷ್ಟ್ರಿಗೆ, ಪಟೇಲರ ಮಕ್ಕಳಿಗೆ ನಾಟಕ ಕಲಿಸಿದರು. ಡ್ರಾಮಾ ಮೇಷ್ಟ್ರು ಅನ್ನುವ ಕಸುಬು ನಮ್ಮ ಸೀಮೆಯಲ್ಲಿ ನೆಲೆ ನಿಂತದ್ದು ಹೀಗೆ. ಹಳ್ಳಿ ಕಂಡ ಮೊದಮೊದಲ ಮೇಷ್ಟ್ರುಗಳು ಅರ್ಧ ಆಯಸ್ಸನ್ನು ಕಂಪನಿಯಲ್ಲಿ ಕಳೆದು ಬಂದವರಾದ್ದರಿಂದ, ಮೇಷ್ಟ್ರು ಅಂದರೆ ತಲೆ ನರೆತಿರಬೇಕು ಅನ್ನುವ ಭಾವನೆ ಜನರಲ್ಲಿ ಕೂತುಬಿಟ್ಟಿತು.

ಅವರು ಬರುವಾಗ ಹಾರ್ಮೋನಿಯಂ ತಂದರು. ಯುರೋಪಿನಲ್ಲಿ ಹುಟ್ಟಿದ ಈ ವಾದ್ಯವನ್ನು ಆಕಾಶವಾಣಿ 1940ರಲ್ಲಿ ಹೊರಗಿಟ್ಟಿತು. ಮತ್ತೆ ಒಳಗೆ ಬಿಟ್ಟುಕೊಳ್ಳಲು ಶುರುಮಾಡಿದ್ದು 1971ರಲ್ಲಿ. ರೇಡಿಯೋದವರು ಬೇಡವೆಂದ ಅಷ್ಟೂ ವರ್ಷ ನಮ್ಮ ನಾಟಕಗಳು ನಡೆದದ್ದು ಅದರ ಬಲದಿಂದಲೇ. ಕಾಲಲ್ಲಿ ತುಳಿಯುವ ದೊಡ್ಡ ಪೆಟ್ಟಿಗೆಯಾದರೆ ಎರಡು ಕೈಯೂ ನುಡಿಸಲು ಸಿಗುತ್ತವೆ. ಮೈಕು ಇಲ್ಲದ, ಗ್ಯಾಸ್‌ಲೈಟಿನ ಕಾಲದಲ್ಲಿ ಬಯಲಿನ ಕೊನೆಯಲ್ಲಿ ಚಾಪೆ ಹಾಸಿ ಕೂತವರಿಗೂ ಅದರ ನಾದ ಕೇಳಬೇಕಿತ್ತು.

ಇನ್ನು ಕೂಟದಲ್ಲಿ ಎದ್ದ ಪುಸ್ತಕದ ಮಾತಿಗೆ ಬಂದರೆ, ಅಂಗಡಿಯಲ್ಲಿ ಕುರುಕ್ಷೇತ್ರದ ಪ್ರತಿ ಯಾರಿಗೆ ಬೇಕಾದರೂ ಸಿಗುತ್ತದೆ. ಅದರಲ್ಲಿ ಮಾತು ಇರುತ್ತದೆ, ಕಂದ, ವೃತ್ತ ಇರುತ್ತವೆ, ಹಾಡಿನ ಮೇಲೆ ರಾಗದ ಹೆಸರೂ ಇರಬಹುದು. ಮಟ್ಟು ಇರುವುದಿಲ್ಲ. ಮಟ್ಟು ಮೇಷ್ಟ್ರ ಗಂಟಲಲ್ಲಿ ಇರುವಂಥದ್ದು. ಒಂದೇ ವೃತ್ತವನ್ನು ಹಾಗಲವಾಡಿ ಕಡೆ ಒಂದು ಬಗೆಯಲ್ಲಿ ಎಳೆಯುತ್ತಾರೆ, ಸಿ.ಎಸ್. ಪುರದ ಕಡೆ ಇನ್ನೊಂದು ಬಗೆಯಲ್ಲಿ ನಿಲ್ಲಿಸುತ್ತಾರೆ. ಯಾವ ಊರಿಗೆ ಯಾವ ಮೇಷ್ಟ್ರು ಕಲಿಸಿದ್ದರೋ ಆ ಊರಿಗೆ ಆ ಮಟ್ಟು. ಹಿರಿಯರು ವಯಸ್ಸಾದ ಮೇಷ್ಟ್ರಿಗಾಗಿ ಹಟ ಹಿಡಿಯುವುದರ ಹಿಂದೆ ಇದೇ ಇದೆ. ಅವರಿಗೆ ಅದನ್ನು ಬಿಡಿಸಿ ಹೇಳಲು ಬರುವುದಿಲ್ಲ, "ಆ ಗತ್ತು ಬರಾಕಿಲ್ಲ" ಅಂದು ಸುಮ್ಮನಾಗುತ್ತಾರೆ.

ನಾನು ಕರ್ಣ ಮಾಡಿದ ವರ್ಷ ಹಳೇ ಮೇಷ್ಟ್ರು ಪಾರ್ಟು ಹಂಚಿದ್ದು ಈಗಲೂ ಕಣ್ಣ ಮುಂದಿದೆ. ಶಾಲೆ ಕೊಠಡಿಯಲ್ಲಿ ಎಲ್ಲರನ್ನೂ ಕೂರಿಸಿ, ಪೆಟ್ಟಿಗೆಯ ಒಂದು ಮನೆ ಒತ್ತಿ ಹಿಡಿದು, ಒಬ್ಬೊಬ್ಬರಿಂದಲೂ ಒಂದೇ ಸಾಲು ಹಾಡಿಸಿದರು. ಕೇಳುವಾಗ ಮುಖ ನೋಡಲಿಲ್ಲ, ತಲೆ ತಗ್ಗಿಸಿ ಕೂತಿದ್ದರು. ಆಮೇಲೆ ಒಬ್ಬೊಬ್ಬರ ನೋಟುಪುಸ್ತಕ ಇಸಿದುಕೊಂಡು ಹಾಡುಗಳ ಪಕ್ಕ ಪೆನ್ಸಿಲಿನಲ್ಲಿ ಗುರುತು ಹಾಕಿದರು: ಇದು ಹಾಡಬೇಕು, ಇದು ಅರ್ಧಕ್ಕೆ ಬಿಡಬೇಕು, ಇದು ಬರೀ ಮಾತಲ್ಲಿ ಹೇಳಬೇಕು. ನನ್ನ ಪುಸ್ತಕದಲ್ಲಿ ಕೊನೆಯ ದೃಶ್ಯದ ಹಾಡಿನ ಪಕ್ಕ "ಒಂದು ಮನೆ ಕೆಳಗೆ" ಅಂತ ಬರೆದರು. ಯಾಕೆ ಅಂತ ಕೇಳಿದೆ. "ಕರ್ಣ ಸಾಯೋ ಹೊತ್ತಿಗೆ ಬೆಳಗಿನ ಜಾವ ಆಗಿರ್ತದಪ್ಪ. ಆಗ ನಿನ್ನ ಗಂಟ್ಲು ಈಗಿನ ಗಂಟ್ಲು ಅಲ್ಲ," ಅಂದರು. ನಾಟಕದ ರಾತ್ರಿ ಹಾಗೇ ಆಯಿತು. ಇಬ್ಬನಿಗೆ ಗಂಟಲು ಕಟ್ಟಿತ್ತು, ಮೇಷ್ಟ್ರು ಶ್ರುತಿ ಇಳಿಸಿ ಹಿಡಿದರು, ಹಾಡು ದಡ ಮುಟ್ಟಿತು. ಮುಂದೆ ಕೂತವರಲ್ಲಿ ಒಬ್ಬರು ಒನ್ಸ್ ಮೋರ್ ಅಂದರು.

ಇಂಥ ಲೆಕ್ಕಾಚಾರ ಬರಬೇಕಾದರೆ ಎಷ್ಟೋ ಬೆಳಗಿನ ಜಾವಗಳನ್ನು ಪೆಟ್ಟಿಗೆ ಮುಂದೆ ಕಳೆದಿರಬೇಕು. ವಯಸ್ಸಿಗೆ ನಾನು ಬೆಲೆ ಕೊಡುವುದು ಇದಕ್ಕೆ.

ಕಲಿಸುವವರ ವಯಸ್ಸಿನ ಈ ವಾದ ನಮ್ಮ ಹಳ್ಳಿಗೆ ಮಾತ್ರ ಸೇರಿದ್ದಲ್ಲ. ಅಮೆರಿಕದ ಕಾಲೇಜುಗಳಲ್ಲಿ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಫುಟ್‌ಬಾಲ್ ಆಡುತ್ತಾರೆ. ಅದಕ್ಕೆ ಅಲ್ಲಿ ಊರಿಗೂರೇ ಅಭಿಮಾನಿ. 2024ರ ಕೊನೆಯಲ್ಲಿ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯ 73 ವರ್ಷದ ಮ್ಯಾಕ್ ಬ್ರೌನ್ ಅವರನ್ನು ತಂಡದ ಮುಖ್ಯ ಕೋಚ್ ಸ್ಥಾನದಿಂದ ಬಿಡಿಸಿ, 72 ವರ್ಷದ ಬಿಲ್ ಬೆಲಿಚಿಕ್ ಅವರನ್ನು ಕರೆತಂದಿತು. ವೃತ್ತಿಪರ ತಂಡಕ್ಕೆ ಆರು ಸಲ ಸೂಪರ್ ಬೌಲ್ ಗೆದ್ದುಕೊಟ್ಟ ಮುಖ್ಯ ಕೋಚ್ ಅವರು. ಕಾಲೇಜು ಹುಡುಗರ ತಂಡವನ್ನು ಅದುವರೆಗೆ ನಡೆಸಿದವರಲ್ಲ. ಈ ವಯಸ್ಸಲ್ಲಿ ಯಾಕೆ ಅನ್ನುವವರು ಒಂದು ಕಡೆ, ಅಷ್ಟು ಕಂಡವರು ಸಿಗುವುದೇ ಪುಣ್ಯ ಅನ್ನುವವರು ಇನ್ನೊಂದು ಕಡೆ. ನನಗೆ ಇದರಲ್ಲಿ ಮನಸ್ಸು ಹಿಡಿದ ವಿಷಯ ವಯಸ್ಸಿಗಿಂತ ಬೇರೆ. ಸಂಬಳಕ್ಕೆ ಆಡುವ ಪಳಗಿದವರ ನಡುವೆ ಬದುಕಿದವನು ಇನ್ನೂ ಕಲಿಯುವವರ ನಡುವೆ ಬಂದು ನಿಂತದ್ದು. ಕಂಪನಿ ಬಿಟ್ಟು ಚೇಳೂರು ಕಡೆಯ ಹಳ್ಳಿಗೆ ಬಂದ ಮೇಷ್ಟ್ರ ಮುಂದೆ ಇದ್ದದ್ದೂ ಇದೇ ಕಷ್ಟ. ಕಂಪನಿಯಲ್ಲಿ ಒಂದು ಸಲ ಹೇಳಿದರೆ ಸಾಕು. ಹಳ್ಳಿಯಲ್ಲಿ ಭೀಮ ಹಗಲೆಲ್ಲ ತೆಂಗಿನಕಾಯಿ ಸುಲಿದು ದಣಿದು ಬಂದಿರುತ್ತಾನೆ, ಧರ್ಮರಾಯನ ಹಸು ಆ ರಾತ್ರಿಯೇ ಕರು ಹಾಕುತ್ತದೆ. ಇದನ್ನೆಲ್ಲ ಸಹಿಸಿ ಕಲಿಸಿದವರು ಉಳಿದರು, ಸಹಿಸದವರು ವಾರದಲ್ಲೇ ಪೆಟ್ಟಿಗೆ ಕಟ್ಟಿಕೊಂಡು ಹೋದರು.

ಹಿರಿಯ ಗುರು, ಎಳೆಯ ತಂಡ ಅನ್ನುವ ಜೋಡಿಗೆ ನಮ್ಮಲ್ಲೇ ದೊಡ್ಡ ಉದಾಹರಣೆ ಬಿ.ವಿ. ಕಾರಂತರು. ಹುಡುಗನಾಗಿ ಗುಬ್ಬಿ ಕಂಪನಿ ಸೇರಿದವರು, ವೀರಣ್ಣನವರ ನೆರವಿನಿಂದ ಕಾಶಿಗೆ ಹೋಗಿ ಓದಿದವರು. 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ನಾಟಕ ಸಂಸ್ಥೆ ಶುರುವಾದಾಗ ಅದರ ಮೊದಲ ನಿರ್ದೇಶಕರಾದರು. ಆಗ ಅವರಿಗೆ ಅರವತ್ತರ ಹತ್ತಿರ. ಮುಂದೆ ಕೂತಿದ್ದವರೆಲ್ಲ ಎಳೆಯರು. ಆ ಎಳೆಯರಲ್ಲಿ ಎಷ್ಟು ಜನ ಮುಂದೆ ಕನ್ನಡ ರಂಗಭೂಮಿಯನ್ನು ಹೊತ್ತು ನಡೆದರು ಎಂಬುದನ್ನು ನಾಟಕ ನೋಡುವವರೆಲ್ಲ ಬಲ್ಲರು. ಕಂಪನಿಯ ಹಾಡುಗಾರಿಕೆಯಲ್ಲೇ ಬೆಳೆದ ಆರ್. ಪರಮಶಿವನ್ ಕೂಡ ಇಳಿವಯಸ್ಸಿನಲ್ಲಿ ಹೊಸಬರಿಗೆ ರಂಗಗೀತೆ ಕಲಿಸಿದರು.

ಆದರೂ ನಮ್ಮ ಹಳ್ಳಿಗಳ ವಾದದಲ್ಲಿ ಒಂದು ಮುಖ್ಯ ಮಾತು ಎರಡೂ ಕಡೆಯವರ ಬಾಯಲ್ಲಿ ಬರುವುದಿಲ್ಲ. ಮೇಷ್ಟ್ರು ಊರಲ್ಲಿ ಉಳಿಯುತ್ತಾರೋ ಇಲ್ಲವೋ? ಹಿಂದೆ ಮೇಷ್ಟ್ರಿಗೆ ಒಂದು ಕೋಣೆ ಬಿಟ್ಟುಕೊಡುತ್ತಿದ್ದರು. ಒಂದೊಂದು ದಿನ ಒಂದೊಂದು ಮನೆಯ ಊಟ. ಹಗಲು ತೋಟದಲ್ಲಿ, ಕಣದಲ್ಲಿ ಮೇಷ್ಟ್ರು ಎದುರಾಗುತ್ತಿದ್ದರು. ನೀರು ಕಟ್ಟುವಾಗಲೇ ಕಂದ ಒಪ್ಪಿಸುವವರಿದ್ದರು. ಯಾರ ಮನೆಯಲ್ಲಿ ಯಾವ ಸಂಕಟ, ಯಾರಿಗೆ ಯಾರ ಮೇಲೆ ಮುನಿಸು ಎಲ್ಲ ಮೇಷ್ಟ್ರಿಗೆ ತಿಳಿದಿರುತ್ತಿತ್ತು. ಮಾತು ಬಿಟ್ಟಿದ್ದ ಇಬ್ಬರು ದಾಯಾದಿಗಳಿಗೆ ರಾಮ, ಲಕ್ಷ್ಮಣರ ಪಾರ್ಟು ಕೊಟ್ಟು ಕಲಿಸಿದ ಕಥೆ ನಮ್ಮ ತಂದೆಯ ಕಾಲದ್ದು.

ಈಗ ಮೇಷ್ಟ್ರು ಬೈಕಿನಲ್ಲಿ ಬರುತ್ತಾರೆ. ಸೋಮವಾರ ನಮ್ಮೂರು, ಮಂಗಳವಾರ ಇನ್ನೊಂದೂರು. ಒಪ್ಪಂದ, ಅಡ್ವಾನ್ಸು, ಇಷ್ಟು ದಿನಕ್ಕೆ ಇಷ್ಟು ಅಂತ ಲೆಕ್ಕ. ಅವರನ್ನು ದೂರಿ ಫಲವಿಲ್ಲ, ಅವರಿಗೂ ಸಂಸಾರವಿದೆ; ಒಂದೇ ಊರಿನ ಕಾಸಿಗೆ ತಿಂಗಳುಗಟ್ಟಲೆ ಕೂತರೆ ಮಕ್ಕಳ ಫೀಸು ಕಟ್ಟುವವರು ಯಾರು? ಆದರೆ ನಾಟಕ ಸೊರಗಿದ್ದು ಇಲ್ಲಿಂದ ಅನ್ನುವುದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ. ಬಂದು ಹೋಗುವ ಎಪ್ಪತ್ತರ ಮೇಷ್ಟ್ರಿಗಿಂತ ಉಳಿದು ಕಲಿಸುವ ಮೂವತ್ತರವನೇ ಮೇಲು. ಕೀಬೋರ್ಡು ಬಂತು, ಸಿನಿಮಾ ಮಟ್ಟು ಬಂತು ಅಂತ ಹಿರಿಯರು ನೊಂದುಕೊಳ್ಳುತ್ತಾರೆ. ಕಂಪನಿಗಳವರೂ ತಮ್ಮ ಕಾಲದಲ್ಲಿ ಪಾರ್ಸಿ, ಮರಾಠಿ ನಾಟಕಗಳ ಮಟ್ಟು ಎತ್ತಿಕೊಂಡವರೇ. ವಾದ್ಯ ಬದಲಾದರೆ ನಾಟಕ ಸಾಯುವುದಿಲ್ಲ.

ಕೂಟದಲ್ಲಿ ನಾನು ಇದನ್ನೇ ಹೇಳಿದೆ. ಗದ್ದಲ ಆಯಿತು, ಇಬ್ಬರು ಎದ್ದು ಹೋದರು, ಮತ್ತೆ ಬಂದು ಕೂತರು. ಕಡೆಗೆ ಹಳೇ ಮೇಷ್ಟ್ರಿಗೇ ವೀಳ್ಯ ಕೊಡುವುದು ಅಂತ ಆಯಿತು. ಮನೆಗೆ ಹೋದಾಗ ಷರತ್ತು ಹಾಕಿದವರು ಅವರೇ. ನಾಟಕದ ದಿನದವರೆಗೂ ಊರಲ್ಲೇ ಇರುತ್ತೇನೆ, ಒಂದು ಕೋಣೆ ಬೇಕು ಅಂದರು. ನಡುರಾತ್ರಿ ಆದಮೇಲೆ ಪೆಟ್ಟಿಗೆ ಮುಂದೆ ನನ್ನ ಶಿಷ್ಯ ಕೂರುತ್ತಾನೆ, ನಾನು ಪಕ್ಕದಲ್ಲಿ ಮಾತು ಎತ್ತಿಕೊಡುತ್ತೇನೆ ಅಂದರು. ಆ ಶಿಷ್ಯನೇ ಪಕ್ಕದೂರಿನವರು ಕರೆಸಿದ್ದ ಕೀಬೋರ್ಡಿನ ಮೇಷ್ಟ್ರು ಅನ್ನುವುದು ನಮಗೆ ಗೊತ್ತಾದದ್ದು ಆಗಲೇ.

ಈಗ ಶಾಲೆ ಬಿಟ್ಟ ಮೇಲೆ ಅದೇ ಕೊಠಡಿಯಲ್ಲಿ ಪ್ರಾಕ್ಟೀಸು ನಡೆಯುತ್ತಿದೆ. ಮೇಷ್ಟ್ರು ಒಂದೊಂದು ಕಂದ, ವೃತ್ತ ಹಾಡಿ ತೋರಿಸುವಾಗ ನಾನು ಫೋನಿನಲ್ಲಿ ಹಿಡಿದಿಟ್ಟುಕೊಳ್ಳುತ್ತಿದ್ದೇನೆ, ಯಾವ ದೃಶ್ಯ, ಯಾರ ಹಾಡು, ಅವರಿಗೆ ಯಾರಿಂದ ಬಂದದ್ದು ಅನ್ನುವುದನ್ನು ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ. ನಿಟ್ಟೂರು, ಕಡಬ, ಹಾಗಲವಾಡಿ, ಸಿ.ಎಸ್. ಪುರದ ಕಡೆ ಇನ್ನೂ ವಯಸ್ಸಾದ ಮೇಷ್ಟ್ರುಗಳಿದ್ದಾರೆ. ಆಯಾ ಊರಿನವರು ಇಷ್ಟು ಮಾಡಿದರೆ ಗುಬ್ಬಿ ತಾಲ್ಲೂಕಿನ ಮಟ್ಟುಗಳೆಲ್ಲ ಒಂದು ಕಡೆ ಸೇರುತ್ತವೆ. ನಮ್ಮೂರಿನವನ್ನು ಯಾರು ಕೇಳಿದರೂ ಕೊಡುತ್ತೇನೆ.