ಕಸವೆಂದದ್ದು ಓಲೆಯಾಯಿತು

ಲಕಡಿಕಾಪೂಲಿನಿಂದ ರೆಡ್ ಹಿಲ್ಸ್ ಕಡೆಗೆ ತಿರುಗಿದರೆ ಎಂ.ಎನ್.ಜೆ. ಕ್ಯಾನ್ಸರ್ ಆಸ್ಪತ್ರೆ ಸಿಗುತ್ತದೆ. ಅದರ ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತರೆ ತೆಲುಗು, ಉರ್ದು ಮಾತುಗಳ ನಡುವೆ ಬೀದರ, ರಾಯಚೂರು ಕಡೆಯ ಕನ್ನಡವೂ ಕಿವಿಗೆ ಬೀಳುವುದುಂಟು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಮೆಹದಿ ನವಾಜ್ ಜಂಗರ ಹೆಸರನ್ನು ಹೊತ್ತ ಈ ಆಸ್ಪತ್ರೆ ಆರಂಭವಾದದ್ದು 1955ರಲ್ಲಿ. ಆಗ ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯಕ್ಕೇ ಸೇರಿದ್ದುವು. ಮರುವರ್ಷ ನವೆಂಬರ್ 1ರಂದು ಅವು ಮೈಸೂರು ರಾಜ್ಯಕ್ಕೆ ಬಂದುವು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಹುಟ್ಟಿದ್ದಾದರೋ 1973ರಲ್ಲಿ. ಗಡಿ ಬದಲಾದರೂ ಆ ಭಾಗದ ರೋಗಿಗಳಿಗೆ ಹೈದರಾಬಾದಿನ ದಾರಿ ತಪ್ಪಲಿಲ್ಲ.

ಆ ಅಂಗಳದಲ್ಲಿ ನಾವು ಮತ್ತೆ ಮತ್ತೆ ಕೇಳಿದ ಪ್ರಶ್ನೆ ಒಂದೇ: "ಗಡ್ಡೆ ತೆಗೆದು ಹಾಕಿದ್ದರಲ್ಲ, ಈಗ ಬೇರೆ ಕಡೆ ಹೇಗೆ ಬಂತು?" ಈ ಪ್ರಶ್ನೆ ಬಹಳ ಹಳೆಯದು. ಲಂಡನ್ನಿನ ವೈದ್ಯ ಸ್ಟೀಫನ್ ಪೇಜೆಟ್ ಸ್ತನದ ಕ್ಯಾನ್ಸರಿನಿಂದ ಸತ್ತ 735 ಮಂದಿಯ ಶವಪರೀಕ್ಷೆಯ ದಾಖಲೆಗಳನ್ನು ಪರಿಶೀಲಿಸಿ 1889ರಲ್ಲಿ ಒಂದು ಲೇಖನ ಬರೆದರು. ಗಡ್ಡೆ ಕಂಡಕಂಡಲ್ಲಿ ಹರಡುವುದಿಲ್ಲ, ಕೆಲವು ಅಂಗಗಳನ್ನೇ ಆರಿಸಿಕೊಳ್ಳುತ್ತದೆ ಎಂದು ಅವರು ತೋರಿಸಿದರು. ಬೀಜ ಎಲ್ಲ ಕಡೆ ಬಿದ್ದರೂ ಹದವಾದ ಮಣ್ಣಿನಲ್ಲಿ ಮಾತ್ರ ಮೊಳೆಯುತ್ತದೆ ಎಂಬುದು ಅವರು ಕೊಟ್ಟ ಉಪಮೆ. ಆದರೆ ಆ ಮಣ್ಣನ್ನು ಹದ ಮಾಡುವವರು ಯಾರು? ಇದಕ್ಕೆ ಉತ್ತರ ಸಿಗಲು ನೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಅದು ಸಿಕ್ಕಿದ್ದು ಎಲ್ಲರೂ ಕಸವೆಂದು ಬದಿಗೆ ಸರಿಸಿದ್ದ ವಸ್ತುವಿನಲ್ಲಿ.

1946ರಲ್ಲಿ ನ್ಯೂಯಾರ್ಕಿನ ಅರ್ವಿನ್ ಚಾರ್ಗಾಫ್ ಮತ್ತು ವೆಸ್ಟ್ ರಕ್ತರಸವನ್ನು ಅತಿ ವೇಗದ ಯಂತ್ರದಲ್ಲಿ ತಿರುಗಿಸಿದಾಗ ತಳದಲ್ಲಿ ಸೂಕ್ಷ್ಮ ಕಣಗಳು ಕುಳಿತುವು. ರಕ್ತವನ್ನು ಬೇಗ ಹೆಪ್ಪುಗಟ್ಟಿಸುವ ಗುಣ ಅವುಗಳಲ್ಲಿತ್ತು. 1967ರಲ್ಲಿ ಪೀಟರ್ ವುಲ್ಫ್ ಇವು ಪ್ಲೇಟ್‌ಲೆಟ್ಟುಗಳಿಂದ ಉದುರಿದ ಕಣಗಳೆಂದು ಕಂಡುಕೊಂಡು, ಅವನ್ನು ಧೂಳು ಎಂದು ಕರೆದರು. ಹೆಸರೇ ಧೂಳು ಎಂದಾದ ಮೇಲೆ ಅದರ ಗೊಡವೆಗೆ ಹೋಗುವವರು ವಿರಳ.

1983ರಲ್ಲಿ ಎರಡು ಪ್ರಯೋಗಶಾಲೆಗಳು ಬೇರೆ ಬೇರೆಯಾಗಿ ಎಳೆಯ ಕೆಂಪು ರಕ್ತಕಣಗಳನ್ನು ಅಭ್ಯಾಸ ಮಾಡುತ್ತಿದ್ದುವು. ಸೇಂಟ್ ಲೂಯಿಸಿನಲ್ಲಿ ಹಾರ್ಡಿಂಗ್, ಸ್ಟಾಲ್ ಮತ್ತು ಸಂಗಡಿಗರು ಇಲಿಯ ರಕ್ತವನ್ನೂ, ಕೆನಡಾದ ಮಾಂಟ್ರಿಯಲ್‌ನಲ್ಲಿ ಬಿನ್ ಟಾವೊ ಪ್ಯಾನ್ ಮತ್ತು ರೋಸ್ ಜಾನ್‌ಸ್ಟೋನ್ ಕುರಿಯ ರಕ್ತವನ್ನೂ ಆರಿಸಿಕೊಂಡಿದ್ದರು. ಎಳೆಯ ಕಣಕ್ಕೆ ಕಬ್ಬಿಣವನ್ನು ಒಳಗೆ ಎಳೆದುಕೊಳ್ಳುವ ಕೊಂಡಿಗಳು ಬೇಕು. ಬಲಿತ ಮೇಲೆ ಬೇಡ. ಬೇಡವಾದ ಕೊಂಡಿಗಳನ್ನು ಕಣವು ಪುಟ್ಟ ಚೀಲಗಳಲ್ಲಿ ಕಟ್ಟಿ ಹೊರಗೆ ಹಾಕುತ್ತಿತ್ತು. 1987ರಲ್ಲಿ ಜಾನ್‌ಸ್ಟೋನ್ ಅವರ ಲೇಖನದಿಂದ ಈ ಚೀಲಗಳಿಗೆ ಎಕ್ಸೋಸೋಮ್ ಎಂಬ ಹೆಸರು ನೆಲೆಯಾಯಿತು. ಜೀವಕೋಶಗಳನ್ನೇ ಅಭ್ಯಾಸ ಮಾಡುವ ನಮ್ಮ ಹಬ್ಸಿಗುಡದ ಸಿ.ಸಿ.ಎಂ.ಬಿ. ಸಂಸ್ಥೆಯನ್ನು ಪ್ರಧಾನಿ ರಾಜೀವ್ ಗಾಂಧಿಯವರು ರಾಷ್ಟ್ರಕ್ಕೆ ಅರ್ಪಿಸಿದ್ದೂ ಅದೇ ವರ್ಷ. ಆಗಲೂ ಬಹುಮಂದಿ ವಿಜ್ಞಾನಿಗಳ ಕಣ್ಣಿಗೆ ಇವು ಕೋಶದ ಕಸದ ಬುಟ್ಟಿಗಳೇ. ನಾವು ಬಿ.ಎಸ್ಸಿ. ಓದಿದಾಗಲೂ ಪಠ್ಯಪುಸ್ತಕದಲ್ಲಿ ಇವುಗಳ ಮಾತಿರಲಿಲ್ಲ.

ಇವುಗಳ ಗಾತ್ರವನ್ನು ಹೀಗೆ ಊಹಿಸಬಹುದು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಒಂದು ಭಾಗ ಒಂದು ನ್ಯಾನೋಮೀಟರು. ಎಕ್ಸೋಸೋಮಿನ ಅಗಲ ಸುಮಾರು 30ರಿಂದ 150 ನ್ಯಾನೋಮೀಟರು. ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಅದು ಕಾಣದು.

1996ರಲ್ಲಿ ಗ್ರಾಸಾ ರಪೋಸೊ ಮತ್ತು ಸಂಗಡಿಗರು ರೋಗನಿರೋಧಕ ಕೋಶಗಳು ಬಿಡುವ ಚೀಲಗಳು ಬೇರೆ ಕೋಶಗಳನ್ನು ಎಚ್ಚರಿಸಬಲ್ಲವೆಂದು ತೋರಿಸಿದರು. 2007ರಲ್ಲಿ ಸ್ವೀಡನ್ನಿನ ಹಾದಿ ವಲಾದಿ ಮತ್ತು ಯಾನ್ ಲೋಟ್ವಾಲ್ ಅವರ ತಂಡ ಚೀಲಗಳೊಳಗೆ ಆರ್.ಎನ್.ಎ. ಇರುವುದನ್ನು ಕಂಡಿತು. ಇಲಿಯ ಕೋಶ ಬಿಟ್ಟ ಚೀಲಗಳನ್ನು ಮನುಷ್ಯನ ಕೋಶಗಳಿಗೆ ಕೊಟ್ಟಾಗ, ಅವು ಇಲಿಯ ಪ್ರೋಟೀನುಗಳನ್ನು ತಯಾರಿಸಿದುವು. ಎಂದರೆ ಅದು ಕಸವಲ್ಲ, ಒಂದು ಕೋಶ ಇನ್ನೊಂದಕ್ಕೆ ಬರೆದ ಓಲೆ. ಓಲೆ ತಲುಪಿತು, ಓದಲ್ಪಟ್ಟಿತು, ಆಜ್ಞೆ ಜಾರಿಯೂ ಆಯಿತು!

ಕ್ಯಾನ್ಸರ್ ಕೋಶವೂ ಇಂಥ ಓಲೆಗಳನ್ನು ಹೇರಳವಾಗಿ ಕಳಿಸುತ್ತದೆ. 2008ರಲ್ಲಿ ಬಾಸ್ಟನ್ನಿನ ವಿಜ್ಞಾನಿಗಳು ಮೆದುಳಿನ ಗಡ್ಡೆಯ ಗುರುತನ್ನು ರೋಗಿಯ ರಕ್ತದ ಚೀಲಗಳಲ್ಲಿ ಹಿಡಿದರು. ನ್ಯೂಯಾರ್ಕಿನ ಡೇವಿಡ್ ಲೈಡನ್ ಅವರ ತಂಡ 2015ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಸ್ವಾರಸ್ಯವಾದುದು. ಪುಪ್ಪುಸಕ್ಕೆ ಹರಡುವ ಗಡ್ಡೆಯ ಚೀಲಗಳನ್ನು ಮೊದಲೇ ಇಲಿಗಳಿಗೆ ಕೊಟ್ಟು, ಆಮೇಲೆ ಮೂಳೆಗೆ ಹರಡುವ ಸ್ವಭಾವದ ಕೋಶಗಳನ್ನು ಬಿಟ್ಟರೆ, ಅವೂ ಪುಪ್ಪುಸದಲ್ಲೇ ಬೇರೂರಿದುವು. ಬೀಜ ಹೊರಡುವ ಮೊದಲೇ ಆಳು ಹೋಗಿ ಹೊಲ ಉತ್ತಿದ್ದ! ಪೇಜೆಟ್ ಅವರ ಪ್ರಶ್ನೆಗೆ ಸಿಕ್ಕ ಉತ್ತರಗಳಲ್ಲಿ ಇದು ಮುಖ್ಯವಾದದ್ದು.

ಇದರಿಂದ ರೋಗಿಗೇನು ಲಾಭ? ಗಡ್ಡೆಯನ್ನು ಚುಚ್ಚದೆ, ರಕ್ತ ಮೂತ್ರಗಳ ಚೀಲಗಳಿಂದಲೇ ರೋಗದ ಸುಳಿವು ಹಿಡಿಯುವ ಪ್ರಯತ್ನ ನಡೆದಿದೆ. ಪ್ರಾಸ್ಟೇಟ್ ಗ್ರಂಥಿಗೆ ಸಂಬಂಧಿಸಿದ ಅಂಥ ಒಂದು ಮೂತ್ರಪರೀಕ್ಷೆ 2016ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂತು. ಚೀಲಗಳಲ್ಲೇ ಔಷಧ ತುಂಬಿ ಕಳಿಸುವ ಯತ್ನವೂ ಇದೆ. ಹ್ಯೂಸ್ಟನ್ನಿನ ರಘು ಕಲ್ಲೂರಿಯವರ ತಂಡ 2017ರಲ್ಲಿ ಇಲಿಗಳ ಮೇದೋಜೀರಕ ಗ್ರಂಥಿಯ ಕ್ಯಾನ್ಸರನ್ನು ಹೀಗೆ ತಡೆದು ತೋರಿಸಿತು.

ಆದರೆ ಇಲಿಯಲ್ಲಿ ಗೆದ್ದದ್ದೆಲ್ಲ ಮನುಷ್ಯನಲ್ಲಿ ಗೆಲ್ಲುವುದಿಲ್ಲ. ಎಕ್ಸೋಸೋಮ್ ಹೆಸರಿನಲ್ಲಿ ಸರ್ವರೋಗಕ್ಕೂ ಚುಚ್ಚುಮದ್ದು ಮಾರುವವರು ಹುಟ್ಟಿಕೊಂಡಿದ್ದಾರೆ. ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2019ರ ಡಿಸೆಂಬರಿನಲ್ಲೇ ಇಂಥವುಗಳ ವಿರುದ್ಧ ಸಾರ್ವಜನಿಕರನ್ನು ಎಚ್ಚರಿಸಿತು. ಹೊಲ ಮನೆ ಮಾರಿ ಅಂಥವರ ಬಾಗಿಲಿಗೆ ಹೋಗುವವರನ್ನು ತಡೆಯುವುದು ನಮ್ಮೆಲ್ಲರ ಕರ್ತವ್ಯ.

ಇನ್ನೊಂದು ಮಾತು. ಓಲೆ ಕೋಶದಿಂದ ಕೋಶಕ್ಕೆ ಹೋಗುತ್ತದೆಂದು ಓದಿ, ರೋಗ ಮೈಯಿಂದ ಮೈಗೂ ದಾಟೀತೆಂದು ಯಾರೂ ಹೆದರಬೇಕಾಗಿಲ್ಲ. ಈ ಅಂಚೆ ನಡೆಯುವುದು ರೋಗಿಯ ದೇಹದೊಳಗೆ. ಮುಟ್ಟಿದರೆ, ಜೊತೆಯಲ್ಲಿ ಉಂಡರೆ ಕ್ಯಾನ್ಸರ್ ಅಂಟುವುದಿಲ್ಲ. ಊರಿಂದ ಬಂದ ರೋಗಿಗೆ ತಟ್ಟೆ ಲೋಟ ಬೇರೆ ಇಡುವ ಮನೆಗಳನ್ನು ನಾವು ಕಂಡಿದ್ದೇವೆ. ಮದ್ದಿಗಿಂತ ಮೊದಲು ಆ ಜೀವಕ್ಕೆ ಬೇಕಾದದ್ದು ನಮ್ಮ ಪಂಕ್ತಿಯಲ್ಲೊಂದು ಎಲೆ.

ಕಚೇರಿಯಲ್ಲಿ ಹಳೆಯ ಕಾಗದಗಳನ್ನು ವಿಲೇವಾರಿ ಮಾಡುವ ಕೆಲಸ ನಮ್ಮಂಥ ಗುಮಾಸ್ತರದು. ಬೇಡವೆಂದು ಎತ್ತಿಟ್ಟ ಕಂತೆಯಲ್ಲಿ ಯಾರದೋ ಪಿಂಚಣಿಯ ಕಾಗದ ಸಿಕ್ಕೀತೆಂದು ಒಂದೊಂದನ್ನೂ ತಿರುವಿ ನೋಡಬೇಕು. ಮೈಯ ವಿಚಾರದಲ್ಲೂ ಅಷ್ಟೆ. ಮೂರು ವಾರವಾದರೂ ಮಾಯದ ಬಾಯಿಹುಣ್ಣು, ನೋವಿಲ್ಲದ ಸಣ್ಣ ಗಂಟು, ಇವನ್ನು ಅಲಕ್ಷ್ಯ ಮಾಡದೆ ವೈದ್ಯರಿಗೆ ತೋರಿಸಬೇಕು. ಊರಿನಿಂದ ಬಂಧುಗಳು ಫೋನು ಮಾಡಿದಾಗ ಈ ಒಂದು ಮಾತನ್ನು ಅವರಿಗೂ ತಿಳಿಸೋಣ. ರೆಡ್ ಹಿಲ್ಸಿನ ಅಂಗಳಕ್ಕೆ ನಮ್ಮವರು ಬರಲೇಬೇಕಾದರೆ, ತಡವಾಗುವ ಮುನ್ನ ಬರಲಿ.